ಮೂರು ಮನೆಗೆ ಪಾಲಾದ ಮೂಟೆ

ನಮ್ಮ ನಾಯಿ ಸತ್ತದ್ದು ನಮ್ಮವ್ವನ ಒದ್ದೆ ಕೈಯಿಂದ ಎಂದು ಒಂದು ಕಂಪನಿ ನಮಗೆ ಬರೆದು ತಿಳಿಸಿತು. ಅವ್ವನ ಕೈಯನ್ನು ಆ ಕಂಪನಿಯವರು ಯಾರೂ ಕಂಡವರಲ್ಲ. ಹಳೇಕೋಟೆ ಯಾವ ದಿಕ್ಕಿಗಿದೆ ಎಂಬುದೂ ಅವರಿಗೆ ತಿಳಿದಿರಲಾರದು. ಆದರೂ ಗ್ರಾಹಕರು ಆಹಾರವನ್ನು ಮೂಲ ಚೀಲದಿಂದ ಹೊರತೆಗೆದು, ತೇವವಿರುವ ಕೈಯಿಂದ ಮುಟ್ಟಿರುವ ಕಾರಣ ಬೂಷ್ಟು ಬೆಳೆದಿರಬೇಕೆಂದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟಿದ್ದರು. ಅದನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದವಳು ನಾನು. ಅವ್ವ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಒಣಗಿದ್ದ ಕೈಗಳನ್ನೇ ಮತ್ತೊಮ್ಮೆ ಒರೆಸಿಕೊಂಡಳು.

"ಇರಬೌದು ಕಣವ್ವ," ಅಂದಳು. "ಪಾತ್ರೆ ತೊಳೀತಿದ್ದೋಳು ಅಂಗೇ ಎದ್ದೋಗಿ ಇಕ್ತಿದ್ದೆ. ಕೈ ಒದ್ದೆನೇ ಇರ್ತಿತ್ತು."

ಅಂದಿನಿಂದ ಅವ್ವ ಯಾವ ಪ್ರಾಣಿಗೂ ಕೈಯಾರೆ ಏನನ್ನೂ ಇಕ್ಕಲಿಲ್ಲ. ಹಸುವಿಗೆ ಕಲಗಚ್ಚು ಇಡುವುದಕ್ಕೂ ಹೊಲದಲ್ಲಿದ್ದ ಅಪ್ಪನನ್ನು ಕೂಗಿ ಕರೆಯುತ್ತಿದ್ದಳು. ಒಂದು ಉತ್ಪನ್ನದ ದೋಷ ಹೇಗೆ ಸದ್ದಿಲ್ಲದೆ ಸಾಗಿಬಂದು ಒಬ್ಬ ಹೆಣ್ಣುಮಗಳ ಎದೆಯೊಳಗೆ ಪಾಪಪ್ರಜ್ಞೆಯಾಗಿ ಕೂರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದುವಾಗ ಉತ್ತರದಾಯಿತ್ವ ಎಂಬ ಪದವನ್ನು ಎಷ್ಟು ಪುಟಗಳಲ್ಲಿ ಬರೆದಿದ್ದೆನೋ. ಅದರ ಅರ್ಥ ತಿಳಿದದ್ದು ಅವ್ವ ಕೈ ಒರೆಸಿಕೊಂಡ ಆ ಗಳಿಗೆಯಲ್ಲಿ. ಆರೋಪ ಬರಹದಲ್ಲಿ ಬಂದಿತ್ತು. ಅದು ಬರಹದಲ್ಲೇ ಅಳಿಯಬೇಕೆಂದು ಹಟ ತೊಟ್ಟೆ.

ಕಥೆ ಅರ್ಥವಾಗಬೇಕಾದರೆ ನಮ್ಮ ಅಜ್ಜಿಯ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಅಜ್ಜಿಗೆ ಮೂವರು ಹೆಣ್ಣುಮಕ್ಕಳು. ಹಿರಿಯವಳಾದ ದೊಡ್ಡಮ್ಮನನ್ನು ಅರಕಲಗೂಡಿಗೆ ಕೊಟ್ಟರು. ನಡುವಿನವಳಾದ ಅವ್ವನನ್ನು ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಗೆ. ಕಿರಿಯವಳಾದ ಚಿಕ್ಕಮ್ಮನನ್ನು ಚನ್ನರಾಯಪಟ್ಟಣದ ಕಡೆಯ ಬಾಗೂರಿಗೆ. ಮೂವರಲ್ಲಿ ಯಾರು ಏನನ್ನು ಸಗಟಾಗಿ ಕೊಂಡರೂ ಅದು ಮೂರು ಪಾಲಾಗಬೇಕು. ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ಅಚ್ಚುಬೆಲ್ಲ, ಒಮ್ಮೆ ಬಳೆಯ ಪೆಟ್ಟಿಗೆ ಕೂಡ. ಅಳತೆಯ ಮೇಲೆ ಒಂದು ಹಿಡಿ ಕೊಸರು ಹಾಕುವುದು ಹಿರಿಯವಳ ಹಕ್ಕು. ಪಾಲನ್ನು ಬೇಡವೆನ್ನುವಂತಿಲ್ಲ, ಬಿಸಾಡುವಂತಂತೂ ಇಲ್ಲವೇ ಇಲ್ಲ. ಅಕ್ಕ ಕಳಿಸಿದ ಪಾಲು ರುಚಿಯಾಗಿರಲಿಲ್ಲ ಎಂದು ಹೇಳಿದರೆ ಅದು ಅಕ್ಕನನ್ನೇ ತಿರಸ್ಕರಿಸಿದಂತೆ. ಅಜ್ಜಿಯ ಮನೆಯ ಹೆಣ್ಣುನಾಯಿ ಮರಿ ಹಾಕಿದಾಗ ಬದುಕುಳಿದ ಮೂರು ಮರಿಗಳೂ ಹೀಗೆಯೇ ಮೂರು ಊರಿಗೆ ಪಾಲಾದವು. ನಮ್ಮ ಪಾಲಿಗೆ ಬಂದದ್ದು ಬಿಳಿ ಕಾಲುಗಳ ಕಂದು ನಾಯಿ. ಅದು ಅವ್ವನ ಹಿಂದೆ ಹಿತ್ತಲಿಗೆ, ಅವ್ವನ ಮುಂದೆ ಹಾಲಿನ ಡೈರಿಗೆ ಹೋಗುತ್ತ, ನಮ್ಮ ಮನೆಯ ದಿನಚರಿಯನ್ನು ತನ್ನದಾಗಿಸಿಕೊಂಡಿತ್ತು.

ಹಾಸನಕ್ಕೆ ಬಂದಿದ್ದ ದೊಡ್ಡಮ್ಮ ಅಲ್ಲಿನ ಒಂದು ಅಂಗಡಿಯಲ್ಲಿ ನಾಯಿ ಆಹಾರದ ದೊಡ್ಡ ಮೂಟೆಯನ್ನು ಕೊಂಡದ್ದು ಈ ಪದ್ಧತಿಯ ಮುಂದುವರಿಕೆಯೇ. ಹೊಳೆಯುವ ಚೀಲ, ಅದರ ಮೇಲೆ ಹಲ್ಲು ಕಿರಿದು ನಗುವ ವಿದೇಶಿ ನಾಯಿ. ಅಕ್ಕತಂಗಿಯರನ್ನು ಅರಕಲಗೂಡಿಗೆ ಕರೆಸಿ, ರಾಗಿ ಅಳೆಯುವ ಸೇರಿನಲ್ಲೇ ಕಾಳುಗಳನ್ನು ಅಳೆದು ಹಂಚಿದಳು. ಒಬ್ಬೊಬ್ಬರ ಪಾಲನ್ನೂ ಹೊಸ ಪ್ಲಾಸ್ಟಿಕ್ ಕವರಿಗೆ ಸುರಿದು, ಬಾಳೆನಾರಿನಿಂದ ತಾನೇ ಬಿಗಿದು ಗಂಟು ಹಾಕಿದಳು. ಕೊಸರನ್ನು ಮಾತ್ರ ಬೇರೆಯಾಗಿ ಕಾಗದದ ಪೊಟ್ಟಣದಲ್ಲಿ ಕೊಟ್ಟಳು. ಖಾಲಿ ಚೀಲ ಬಿತ್ತನೆ ಆಲೂಗಡ್ಡೆಯ ಮೇಲೆ ಹೊದಿಕೆಯಾಯಿತು. ನಮ್ಮ ಸೀಮೆಯಲ್ಲಿ ಗಟ್ಟಿಯಾದ ಚೀಲವನ್ನು ಎಸೆಯುವವರಿಲ್ಲ. ಆ ಅಭ್ಯಾಸದಿಂದಲೇ ಚೀಲದ ಮೇಲಿನ ಬ್ಯಾಚ್ ಸಂಖ್ಯೆ ನಮಗೆ ಉಳಿಯಿತು.

ಕೆಲವು ವಾರ ಎಲ್ಲವೂ ಸರಿಯಿತ್ತು. ಆಮೇಲೆ ನಮ್ಮ ನಾಯಿ ತಟ್ಟೆಯಿಂದ ಮುಖ ತಿರುಗಿಸಿತು, ವಾಂತಿ ಮಾಡಿತು. ಬಾಯಿ ಬಿಡಿಸಿ ನೋಡಿದರೆ ವಸಡು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಹೊಳೆನರಸೀಪುರದ ಪಶು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಕಣ್ಣರೆಪ್ಪೆ ಎಳೆದು ನೋಡಿ, ಏನು ತಿನ್ನಿಸುತ್ತಿದ್ದೀರಿ ಎಂದು ಕೇಳುತ್ತಿರುವಾಗಲೇ ದೊಡ್ಡಮ್ಮನ ಫೋನು ಬಂತು: ಅರಕಲಗೂಡಿನ ನಾಯಿಯ ಕಣ್ಣೂ ಹಳದಿಯಾಗಿದೆ. ಅದೇ ಕ್ಷಣ ಡಾಕ್ಟರು ಆ ಆಹಾರ ನಿಲ್ಲಿಸಲು ಮೂರೂ ಮನೆಗೆ ಹೇಳಿಸಿದರು, ಉಳಿದದ್ದನ್ನು ಎಸೆಯಬೇಡಿ ಎಂದೂ. ದೊಡ್ಡಮ್ಮನ ನಾಯಿ ಡ್ರಿಪ್ಪು, ಇಂಜೆಕ್ಷನ್ನುಗಳ ನಡುವೆ ಸೆಣಸಿ ಬದುಕಿತು. ನಮ್ಮದು ಬದುಕಲಿಲ್ಲ.

ಹಿತ್ತಲಿನಲ್ಲಿ ಗುಂಡಿ ಸಿದ್ಧವಾಗಿತ್ತು, ಉಪ್ಪಿನ ಪೊಟ್ಟಣವೂ ಬಂದಿತ್ತು. ಮರಣೋತ್ತರ ಪರೀಕ್ಷೆಯಾಗದೆ ಹೂಳಕೂಡದು ಎಂದು ನಾನು ಅಡ್ಡ ನಿಂತೆ. ಗುದ್ದಲಿ ಹಿಡಿದಿದ್ದ ಪಕ್ಕದ ಮನೆಯವನು ಅದನ್ನು ನೆಲಕ್ಕೂರಿ ನನ್ನನ್ನೇ ನೋಡಿದ.

"ನಾಯಿಗೂ ಪೋಸ್ಟ್‌ಮಾರ್ಟಮ್ಮಾ? ಅಂಗಾರೆ ತಿಥಿಗೆ ಕಾರ್ಡೂ ಒಡಸ್ಬುಡವ್ವ, ಊರಿಗೆಲ್ಲಾ ಅಂಚಾನ."

"ಹೊಡೆಸ್ತೀನಿ," ಅಂದೆ. "ಮೊದಲನೇ ಕಾರ್ಡು ಕಂಪನಿಗೆ."

ಯಕೃತ್ತು ಹಾಳಾಗಿ ಸಾವು ಬಂದಿದೆ, ಆಹಾರದಲ್ಲಿನ ಬೂಷ್ಟಿನ ವಿಷ ಕಾರಣವಾಗಿರುವ ಸಂಭವವಿದೆ ಎಂದು ಡಾಕ್ಟರು ಬರೆದುಕೊಟ್ಟರು. ಅದನ್ನು ಹಿಡಿದು ನ್ಯಾಯದ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿದೆ. ಪೊಲೀಸ್ ಠಾಣೆಯಲ್ಲಿದ್ದವರು ಸೌಜನ್ಯದಿಂದಲೇ ಕೂರಿಸಿ ಮಾತಾಡಿಸಿದರು: "ಪ್ರಾಣಿ ಕೊಂದ್ರೆ ಕೇಸಾಯ್ತದೆ ಮೇಡಂ. ಆದ್ರೆ ಕೊಲ್ಲಬೇಕು ಅನ್ನೋ ಉದ್ದೇಶ ಇರ್ಬೇಕು. ಕಂಪ್ನಿಯೋರಿಗೆ ನಿಮ್ ನಾಯಿ ಮೇಲೆ ಏನ್ ದ್ವೇಷ?" ಸರಿ, ಕಲಬೆರಕೆಯ ಕಾನೂನಿಗಾದರೂ ಹೋಗೋಣವೆಂದರೆ, ಆಹಾರ ಸುರಕ್ಷತೆಯ ಕಾಯ್ದೆ ಮನುಷ್ಯರ ಆಹಾರಕ್ಕೆ ಮಾತ್ರ, ಪ್ರಾಣಿಯ ಮೇವನ್ನು ಅದು ತನ್ನ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ನಾಯಿಯ ಹೊಟ್ಟೆ ಕಾಯ್ದೆಯ ಹೊರಗಿನ ಹೊಟ್ಟೆ. ಸಿವಿಲ್ ನ್ಯಾಯಾಲಯ ಇದ್ದೇ ಇತ್ತು. ಅಲ್ಲಿನ ದಾವೆ ಮುಗಿಯುವ ಹೊತ್ತಿಗೆ ನಾಯಿಯ ಮೊಮ್ಮಕ್ಕಳಿಗೂ ವಯಸ್ಸಾಗಿರುತ್ತದೆ ಎಂದು ಪರಿಚಯದ ವಕೀಲರೊಬ್ಬರು ನಕ್ಕರು.

ಕೊನೆಗೆ ತೆರೆದ ಬಾಗಿಲು ಗ್ರಾಹಕ ಸಂರಕ್ಷಣಾ ಕಾಯ್ದೆಯದು. ದೋಷವಿರುವ ಉತ್ಪನ್ನದಿಂದ ಹಾನಿಯಾದರೆ ತಯಾರಿಸಿದವನನ್ನೂ ಮಾರಿದವನನ್ನೂ ಜಿಲ್ಲಾ ಆಯೋಗದ ಮುಂದೆ ನಿಲ್ಲಿಸಬಹುದು. ತಯಾರಿಕೆಯಲ್ಲಿ ದೋಷವಿತ್ತು ಎಂದು ತೋರಿಸಿದರೆ ಸಾಕು; ತಯಾರಕ ಎಚ್ಚರ ತಪ್ಪಿದ್ದನೇ ಇಲ್ಲವೇ ಎಂದು ಅವನ ಮನಸ್ಸನ್ನು ಅಗೆಯಬೇಕಿಲ್ಲ. ವಕೀಲರಿರಲೇಬೇಕು ಎಂಬ ನಿಯಮವಿಲ್ಲ. ಅಧಿಕಾರ ಪತ್ರ ಪಡೆದು ಮಗಳೇ ತಾಯಿಯ ಪರ ಮಾತಾಡಬಹುದು. ಮತ್ತೊಂದು ಸಾಲನ್ನು ಓದಿದಾಗಲಂತೂ ಮೈ ಬಿಸಿಯಾಯಿತು: ಕೊಂಡವರಷ್ಟೇ ಅಲ್ಲ, ಕೊಂಡವರ ಒಪ್ಪಿಗೆಯಿಂದ ಬಳಸಿದವರೂ ಗ್ರಾಹಕರೇ. ಅಂದರೆ ನಮ್ಮ ಅಜ್ಜಿಯ ಮನೆಯ ಪಾಲಿನ ಪದ್ಧತಿಗೆ ಕಾನೂನಿನಲ್ಲೇ ಜಾಗವಿತ್ತು. ಬಿಲ್ಲು ದೊಡ್ಡಮ್ಮನದು, ನಷ್ಟ ಅವ್ವನದು, ಹಕ್ಕು ಇಬ್ಬರದು.

ಮೊದಲು ನೋಟಿಸು ಕಳಿಸಿದೆ. ಅದರಲ್ಲಿ ಮೂಟೆ ಮೂರು ಪಾಲಾದದ್ದನ್ನೂ, ಎರಡು ನಾಯಿಗಳು ಕಾಯಿಲೆ ಬಿದ್ದದ್ದನ್ನೂ, ಬಾಗೂರಿನ ಮೂರನೆಯ ನಾಯಿ ಅದೇ ಆಹಾರ ತಿಂದೂ ಆರೋಗ್ಯವಾಗಿರುವುದನ್ನೂ ಬರೆದೆ. ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದಳು: "ನಮ್ದು ತಿಂದು ಅರಗಿಸ್ಕಂಡದೆ ಕಣೆ. ಗುಂಡ್ಕಲ್ಲಂಗೆ ಅದೆ." ಸತ್ಯದಲ್ಲಿ ತಮಗೆ ಅನುಕೂಲವಾದ ಭಾಗವನ್ನಷ್ಟೇ ಕತ್ತರಿಸಿ ಕೊಡುವುದು ಕಂಪನಿಗಳ ಕೆಲಸ, ನನ್ನದಲ್ಲ ಎಂದುಕೊಂಡೆ. ನೋಟಿಸಿಗೆ ಬಂದ ಉತ್ತರವೇ ಆ ಒದ್ದೆ ಕೈಯ ಪತ್ರ.

ಪತ್ರದ ಬೆನ್ನಿಗೇ ಕಂಪನಿಯ ಪ್ರತಿನಿಧಿಯೊಬ್ಬ ಹಳೇಕೋಟೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕಾರಿನ ಡಿಕ್ಕಿಯಲ್ಲಿ ಅದೇ ಆಹಾರದ ಎರಡು ಹೊಸ ಮೂಟೆ. ಸೌಹಾರ್ದದ ಕೊಡುಗೆಯಂತೆ, ಪ್ರತಿಯಾಗಿ ದೂರು ಕೊಡುವುದಿಲ್ಲವೆಂದು ಒಂದು ಸಹಿ. ಅವ್ವ ಬಾಗಿಲಿಗೆ ಬಂದು ಮೂಟೆಗಳನ್ನು ನೋಡಿದಳು.

"ಇದೇನ್ಸಾ, ಕೊಂದೋರೇ ಎಡೆ ಇಕ್ಕಕ್ಕೆ ಬಂದಿದ್ದೀರಾ?"

ಆತ ಮೂಟೆಗಳನ್ನು ಮತ್ತೆ ಡಿಕ್ಕಿಗೆ ಎತ್ತಿಡುವಾಗ ಪಕ್ಕದ ಮನೆಯವನೇ ಒಂದು ಕಡೆ ಹಿಡಿದ. "ಸ್ವಲ್ಪ ನೀವೂ ತಿಂದು ತೋರ್ಸಿ ಓಗಿ ಸಾ, ನಂಬಿಕೆ ಬತ್ತದೆ," ಎಂದು ಉಪಚಾರದ ಧ್ವನಿಯಲ್ಲೇ ಬೀಳ್ಕೊಟ್ಟ.

ದೂರು ಬರೆಯುವಾಗ ಒಂದು ಕಡೆ ನನ್ನ ಲೇಖನಿ ಸಿಟ್ಟಿನಿಂದ ನಿಂತಿತು. ಕಾನೂನಿನ ಕಣ್ಣಿಗೆ ನಾಯಿ ಜೀವವಲ್ಲ, ಸ್ವತ್ತು. ಉತ್ಪನ್ನದ ದೋಷದಿಂದ ಸ್ವತ್ತಿಗೆ ಹಾನಿ, ಅದರಿಂದ ಮಾನಸಿಕ ಯಾತನೆ, ಹೀಗೆಯೇ ಬರೆಯಬೇಕು. ಕುರ್ಚಿ ಮುರಿಯಿತು, ಮನಸ್ಸು ನೊಂದಿತು ಎಂಬಂತೆ. ನಾನು ಕೂಗಾಡುತ್ತಿದ್ದುದನ್ನು ಕೇಳಿ ಅವ್ವ ಅವರೆಕಾಯಿ ಸುಲಿಯುತ್ತಲೇ ಹೇಳಿದಳು:

"ಅದ್ರಲ್ಲಿ ತೆಪ್ಪೇನವ್ವ? ನಿನ್ನೂ ನಾನು ನನ್ ಸ್ವತ್ತು ಅಂತ್ಲೇ ಅನ್ಕಂಡಿರದು. ಬರಿ ಸುಮ್ಕೆ."

ಬರೆದೆ.

ಹಾಸನದ ಆಯೋಗದಲ್ಲಿ ಕಂಪನಿಯ ಪರ ನಿಂತ ವಕೀಲರು ದನಿ ಏರಿಸುವವರಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆಯುವಂತೆ ಮಾತಾಡುವವರು. ಆಹಾರ ಕೆಟ್ಟದ್ದು ಗ್ರಾಹಕರ ಮನೆಯಲ್ಲಿ, ತೇವದ ಕೈಯಿಂದ ಎಂಬುದು ಅವರ ಮೊದಲ ವಾದ. ಕಾಯಿಲೆ ಬಿದ್ದ ಎರಡೂ ನಾಯಿಗಳು ಒಂದೇ ತಾಯಿಯ ಮರಿಗಳಾದ್ದರಿಂದ ಇದು ವಂಶದಿಂದ ಬಂದ ಯಕೃತ್ತಿನ ರೋಗವೂ ಆಗಿರಬಹುದೆಂಬುದು ಎರಡನೆಯದು. ಹಾಗಾದರೆ ಕೈಯೋ ವಂಶವೋ, ಒಂದನ್ನಾದರೂ ಆರಿಸಿಕೊಳ್ಳಿ ಎಂದು ನಾನೆದ್ದೆ. ಅವರು ನಸುನಕ್ಕು, ನನ್ನ ನೋಟಿಸನ್ನೇ ತೆಗೆದು ಓದಿದರು. "ಮೂರನೆಯ ನಾಯಿ ಅದೇ ಆಹಾರ ತಿಂದೂ ಆರೋಗ್ಯವಾಗಿದೆ. ಇದು ದೂರುದಾರರ ಸ್ವಂತ ಮಾತು. ಒಂದೇ ಮೂಟೆ, ಒಂದು ನಾಯಿಗೆ ವಿಷ, ಇನ್ನೊಂದಕ್ಕೆ ಅಮೃತ. ದೋಷ ಮೂಟೆಯಲ್ಲಿದ್ದರೆ ಇದು ಹೇಗೆ ಸಾಧ್ಯ?"

ಎದ್ದಿದ್ದ ನಾನು ಕೂತೆ. ಮೂರನೆಯ ನಾಯಿಯ ಬಗ್ಗೆ ಹೇಳಿಕೆಯೇನಾದರೂ ಇದ್ದರೆ ಮುಂದಿನ ವಿಚಾರಣೆಗೆ ಸಲ್ಲಿಸಿ ಎಂದು ಪೀಠ ಸಮಯ ಕೊಟ್ಟಿತು. ಹೊರಗೆ ಬಂದಾಗ ಅವ್ವ ಮೆಟ್ಟಿಲ ಮೇಲೆಯೇ ಕೂತಳು.

"ಬುಟ್ಬುಡವ್ವ. ಅವ್ರು ಯೋಳದು ಸರಿ ಅಲ್ವಾ? ಬಾಗೂರ್ದು ತಿಂದು ನೆಟ್ಟಗದೆ. ಅಲ್ಲಿಗೆ ತೆಪ್ಪು ಮೂಟೇದಲ್ಲ, ನನ್ ಕೈದು."

ವಾದದಲ್ಲಿ ಸೋತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆದರೆ ಕಂಪನಿಯ ಸುಳ್ಳನ್ನು ಅವ್ವ ತನ್ನ ಸತ್ಯವಾಗಿ ಒಪ್ಪಿಕೊಳ್ಳುತ್ತಿದ್ದಳು. ಅದನ್ನು ಮಾತ್ರ ಸಹಿಸಲಾಗಲಿಲ್ಲ. ಹಳೇಕೋಟೆಯ ಕಡೆಗೆ ಹೋಗುವ ಬದಲು ಅವಳನ್ನು ಚನ್ನರಾಯಪಟ್ಟಣದ ಬಸ್ಸು ಹತ್ತಿಸಿದೆ. ಚಿಕ್ಕಮ್ಮನ ಹೇಳಿಕೆಯನ್ನಾದರೂ ಬರೆದುಕೊಳ್ಳೋಣ, ಅವಳ ನಾಯಿ ಎಷ್ಟು ತಿಂದಿತು, ಯಾವಾಗ ತಿಂದಿತು ಎಂದಾದರೂ ತಿಳಿಯಲಿ ಎಂಬ ಲೆಕ್ಕಾಚಾರ.

ಬಾಗೂರಿನಲ್ಲಿ ಸಂತೆಯ ದಿನ. ಚಿಕ್ಕಮ್ಮ ಕೊತ್ತಂಬರಿ ಕಟ್ಟು ಹಿಡಿದು ಆಗಷ್ಟೇ ಮನೆ ಸೇರಿದ್ದಳು. ಹೊಸಿಲಿನ ಬಳಿ ಅವಳ ನಾಯಿ, ನಮ್ಮದರ ಒಡಹುಟ್ಟು, ಅದೇ ಬಿಳಿ ಕಾಲು, ಹುಳಿಯಲ್ಲಿ ಅದ್ದಿದ ಮುದ್ದೆಯ ತುಂಡನ್ನು ಶ್ರದ್ಧೆಯಿಂದ ನೆಕ್ಕುತ್ತಿತ್ತು. ಅದನ್ನು ನೋಡಿ ಅವ್ವನ ಕಣ್ಣು ತುಂಬಿತು. ಆಯೋಗದಲ್ಲಿ ನಡೆದದ್ದನ್ನು ನಾನು ಹೇಳುತ್ತಾ ಹೋದಂತೆ ಚಿಕ್ಕಮ್ಮ ಕೊತ್ತಂಬರಿಯ ಬೇರನ್ನು ಮುರಿಯುತ್ತಾ ಮುರಿಯುತ್ತಾ ಎಲೆಯನ್ನೂ ಮುರಿದಳು.

"ಕೇಸು ವಾಪಸ್ ತಗತೀನಿ ಕಣೆ," ಅವ್ವ ತಂಗಿಗೆ ಹೇಳಿದಳು. "ನಿಂದೂ ಅದ್ನೇ ತಿಂತು, ನಂದೂ ಅದ್ನೇ ತಿಂತು. ನಿನ್ ಕೈಲಿ ಬದುಕ್ತು, ನನ್ ಕೈಲಿ ಸತ್ತೋಯ್ತು."

ಚಿಕ್ಕಮ್ಮ ಎದ್ದಳು. ಏಣಿ ಹಾಕಿ ಅಟ್ಟ ಹತ್ತಿದಳು. ಮೇಲೆ ಏನೇನೋ ಸರಿಸುವ ಸದ್ದು. ಇಳಿದಾಗ ಕಂಕುಳಲ್ಲಿ ಧೂಳು ಹಿಡಿದ ಒಂದು ಪ್ಲಾಸ್ಟಿಕ್ ಗಂಟು. ಬಾಯಿಗೆ ಬಾಳೆನಾರು, ಕಟ್ಟಿದ್ದು ಕಟ್ಟಿದಂತೆಯೇ ಒಣಗಿ ಬಿಗಿದುಕೊಂಡಿತ್ತು.

"ತಿನ್ಲಿಲ್ಲ ಕಣಕ್ಕ," ಅಂದಳು, ಗಂಟನ್ನು ಅವ್ವನ ಮುಂದೆ ಇಟ್ಟು. "ಕೊಸ್ರು ಇತ್ತಲ್ಲ ಪೊಟ್ಣದಲ್ಲಿ, ಅಷ್ಟನ್ನೂವೆ ತಟ್ಟೆಗೆ ಸುರುದೆ. ಮೂಸುನೋಡಿ ಮೂತಿ ತಿರುವ್ಕಂಡು ಓಯ್ತು ಈ ಮುಂಡೇದು. ಇದಕ್ಕೆ ಮುದ್ದೆನೇ ಆಗ್ಬೇಕು. ಕೊಸ್ರು ತಿಪ್ಪೆಗೋಯ್ತು. ಗಂಟು ಬಿಚ್ಚಲೇ ಇಲ್ಲ. ಅಕ್ಕ ಕೊಟ್ ಪಾಲು ಬ್ಯಾಡ ಅಂದ್ರೆ ಬೇಜಾರ್ ಮಾಡ್ಕತಾಳೆ ಅಂತ ಮ್ಯಾಲೆ ಮಡಗ್ಬುಟ್ಟೆ. ಚೆಂದಾಗಿ ತಿಂತದೆ ಅಂದ್ಬುಟ್ಟಿದ್ನಲ್ಲ, ಆಮೇಲೆ ಎಂಗೆ ಇಲ್ಲ ಅನ್ನದು?"

ನಾನು ತಕ್ಷಣ ದೊಡ್ಡಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಎಲ್ಲವನ್ನೂ ಕೇಳಿಸಿಕೊಂಡ ದೊಡ್ಡಮ್ಮ ಕಿರಿಯ ತಂಗಿಯನ್ನು ತರಾಟೆಗೆ ತೆಗೆದುಕೊಂಡಳು.

"ಲೇ, ವಿಡಿಯೋ ಕಾಲ್‌ನಲ್ಲಿ ಖಾಲಿ ತಟ್ಟೆ ತೋರ್ಸಿ, ನೋಡಕ್ಕ, ತಟ್ಟೆನೂ ನೆಕ್ಬುಡ್ತು ಅಂದ್ಯಲ್ಲೇ?"

"ಅದು ಮುದ್ದೆ ತಿಂದಿದ್ ತಟ್ಟೆ ಕಣಕ್ಕ."

"ಕಳ್ಮುಂಡೆ. ಇರ್ಲಿ, ನನ್ ಗಂಟು ಅಂಗೇ ಅದೆಯಾ?"

"ಅಂಗೇ ಅದೆ."

"ಅಂಗಾರೆ ಯಾರೂ ಮುಟ್ಬ್ಯಾಡಿ ಅದ್ನ."

ಅವ್ವ ಗಂಟನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವಂತೆ, "ಅಂಗಾರೆ ತಿಂದವೆರಡಕ್ಕೂ ಕಾಯ್ಲೆ ಬಂತು. ತಿನ್ದಿರೋದು ಉಳ್ಕಂತು," ಅಂದಳು. ವಕೀಲರಿಗೆ ಕೊಡಲಾಗದ ಉತ್ತರವನ್ನು ನಾನಿನ್ನೂ ಜೋಡಿಸಿಕೊಳ್ಳುತ್ತಿದ್ದೆ; ಅವ್ವ ಆಗಲೇ ಅಲ್ಲಿಗೆ ತಲುಪಿದ್ದಳು. ವಂಶದ ರೋಗವಾಗಿದ್ದರೆ ಈ ಒಡಹುಟ್ಟಿಗೂ ಬರಬೇಕಿತ್ತು. ಇನ್ನು ಒದ್ದೆ ಕೈಯ ಮಾತು: ಕಟ್ಟಿದ ಮೇಲೆ ಈ ಗಂಟಿನೊಳಕ್ಕೆ ಯಾವ ಕೈಯೂ ಹೋಗಿರಲಿಲ್ಲ; ಇದರಲ್ಲೂ ವಿಷ ಸಿಕ್ಕರೆ ಆ ವಾದವೂ ಬಿದ್ದಂತೆ.

ಮುಂದಿನ ವಿಚಾರಣೆಗೆ ನಾವು ನಾಲ್ಕು ಜನ ಹೋದೆವು. ಚಿಕ್ಕಮ್ಮ ಪ್ರಮಾಣ ಮಾಡಿ, ತಾನು ಅಕ್ಕನಿಗೆ ಹೇಳಿದ್ದ ಮರ್ಯಾದೆಯ ಸುಳ್ಳನ್ನು ಮೂರು ಜನ ಸದಸ್ಯರ ಪೀಠದ ಮುಂದೆ ಬಿಡಿಸಿ ಹೇಳಿದಳು. ಬೆಣ್ಣೆ ಮಾತಿನ ವಕೀಲರು ದೊಡ್ಡಮ್ಮನತ್ತ ತಿರುಗಿ, ಗಂಟು ನಿಮ್ಮದೇ ಎಂದು ಹೇಗೆ ಹೇಳುತ್ತೀರಿ, ಬಿಚ್ಚಿ ಮತ್ತೆ ಕಟ್ಟಿರಬಾರದೇಕೆ ಎಂದು ಕೇಳಿದರು.

"ಒಣಗಿದ್ ಬಾಳೆನಾರು ಬಿಚ್ಚಿದ್ರೆ ಪುಡಿಯಾಯ್ತದೆ ಸಾ," ಅಂದಳು ದೊಡ್ಡಮ್ಮ. "ಬೇಕಾದ್ರೆ ನೀವೇ ಬಿಚ್ಚಿ, ಮತ್ತೆ ಕಟ್ಟಿ ತೋರ್ಸಿ."

ಪೀಠದಲ್ಲಿದ್ದವರು ಮುಖ ಕೆಳಗೆ ಮಾಡಿ ನಕ್ಕದ್ದನ್ನು ನಾನು ನೋಡಿದೆ. ವಕೀಲರು ಬಿಚ್ಚಲಿಲ್ಲ. ಮೂರೂ ಮನೆಯ ಪಾಲುಗಳಿಂದ ಮಾದರಿ ತೆಗೆದು, ಎರಡೂ ಪಕ್ಷದವರ ಎದುರಿಗೆ ಮೊಹರು ಮಾಡಿ, ಪ್ರಯೋಗಾಲಯಕ್ಕೆ ಕಳಿಸಲು ಆಯೋಗ ಆದೇಶಿಸಿತು. ಪರೀಕ್ಷೆಗೆ ಕಳಿಸಿ ಎಂದು ಕೇಳುವುದು ಗ್ರಾಹಕನ ಹಕ್ಕು. ತಿಂದು ಉಳಿದದ್ದನ್ನು ಗಾಬರಿಯಲ್ಲಿ ಸುಟ್ಟು ಹಾಕುವ, ಚೀಲವನ್ನು ಒಗೆದು ಒಣಗಿಸುವ, ಸತ್ತದ್ದನ್ನು ಸಂಜೆಯೊಳಗೆ ಹೂಳುವ ನಮ್ಮ ಜನ ಆ ಹಕ್ಕನ್ನೂ ಜೊತೆಯಲ್ಲೇ ಹೂತುಬಿಡುತ್ತಾರೆ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ದುಃಖದ ಅವಸರವೇ ಅವರ ರಕ್ಷಣೆ.

ವರದಿ ಬಂತು. ಮೂರು ಮಾದರಿಗಳಲ್ಲೂ ಬೂಷ್ಟಿನ ವಿಷವಿತ್ತು. ಅರಕಲಗೂಡಿನ ಸ್ಟೀಲು ಡಬ್ಬ, ಹಳೇಕೋಟೆಯ ಪ್ಲಾಸ್ಟಿಕ್ ಡ್ರಮ್ಮು, ಬಾಗೂರಿನ ಅಟ್ಟದ ಬಿಚ್ಚದ ಗಂಟು. ಮೂರು ತಾಲ್ಲೂಕಿನ ಮೂರು ಮನೆಗಳು ಒಂದೇ ರೀತಿ ತಪ್ಪು ಮಾಡಲಾರವು ಎಂದು ನಾನು ವಾದಿಸಿದೆ. ನಿಮ್ಮ ಕಾರ್ಖಾನೆಯನ್ನು ಕೇಳಬೇಕಾದ ಪ್ರಶ್ನೆಯನ್ನು ನಮ್ಮ ಅಡುಗೆಮನೆಗೆ ಕಳಿಸಿದಿರಿ. ಅಡುಗೆಮನೆ ಉತ್ತರ ಕೊಟ್ಟಿದೆ, ಇನ್ನು ಕಾರ್ಖಾನೆ ಕೊಡಲಿ ಎಂದೆ.

ಆದೇಶದ ದಿನ ಹಾಸನದಲ್ಲಿ ಎಳೆಬಿಸಿಲಿತ್ತು. ದೋಷ ಉತ್ಪನ್ನದಲ್ಲಿಯೇ ಇತ್ತು, ಬಳಕೆದಾರರ ನಿರ್ವಹಣೆಯಲ್ಲಿ ಯಾವ ಲೋಪವೂ ಸಾಬೀತಾಗಿಲ್ಲ ಎಂದು ಬರೆದಿತ್ತು. ಚಿಕಿತ್ಸೆಯ ವೆಚ್ಚ, ಯಾತನೆಗೆ ಪರಿಹಾರ, ಎಲ್ಲವೂ ಇತ್ತು. ಅದಕ್ಕಿಂತ ದೊಡ್ಡದು, ಆ ಬ್ಯಾಚಿನ ಆಹಾರವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕೆಂಬ ನಿರ್ದೇಶನ. ಕಂಪನಿ ಮೇಲ್ಮನವಿಗೆ ಹೋಗಲಿಲ್ಲ. ದೊಡ್ಡಮ್ಮ ಮೂಟೆ ಕೊಂಡಿದ್ದ ಅಂಗಡಿಯ ಮುಂದೆ ನಾನು ಬೇಕೆಂದೇ ನಡೆದುಹೋದೆ. ಹಲ್ಲು ಕಿರಿದ ವಿದೇಶಿ ನಾಯಿ ಇದ್ದ ಜಾಗದಲ್ಲಿ ಕೋಳಿ ಮೇವಿನ ಬುಟ್ಟಿ ಇತ್ತು. ಎಷ್ಟೋ ಊರಿನ ಎಷ್ಟೋ ನಾಯಿಗಳು, ಹೀಗೊಂದು ಕೇಸು ನಡೆಯಿತೆಂದೂ ತಿಳಿಯದೆ, ಆ ಹೊತ್ತಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು ಎಂಬ ಯೋಚನೆಯೇ ಸಾಕಾಗಿತ್ತು, ನನಗೆ ಬೀದಿಯಲ್ಲೇ ನಗು ಬರಲು.

ಆದೇಶದ ಪ್ರತಿ ಕೈಗೆ ಬಂದ ಭಾನುವಾರ ದೊಡ್ಡಮ್ಮ ತನ್ನ ಬದುಕುಳಿದ ನಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹಳೇಕೋಟೆಗೆ ಬಂದಳು. ಚಿಕ್ಕಮ್ಮನೂ ಬಂದಿದ್ದಳು. ಆದೇಶ ಕನ್ನಡದಲ್ಲಿತ್ತು, ಈ ಸಲ ನಾನು ಅನುವಾದ ಮಾಡಬೇಕಿರಲಿಲ್ಲ. ಬಳಕೆದಾರರ ಲೋಪವಿಲ್ಲ ಎಂಬ ಸಾಲನ್ನು ಓದಿದಾಗ ಅವ್ವ ಮತ್ತೊಮ್ಮೆ ಓದಲು ಹೇಳಿದಳು. ಓದಿದೆ. ಅಡುಗೆಮನೆಯಿಂದ ಪಕ್ಕದ ಮನೆಯವನನ್ನು ಕೂಗಿ, ಅವನಿಗೂ ಕೇಳುವಂತೆ ಇನ್ನೊಮ್ಮೆ ಓದಲು ಹೇಳಿದಳು. ಅವನು ಬೇಲಿಯಾಚೆಯಿಂದಲೇ, "ಅಂಗಾರೆ ತಿಥಿ ಕಾರ್ಡು ಕಂಪ್ನಿಗೆ ಓಗಿ ಮುಟ್ತು ಅನ್ನು," ಅಂದ.

ಅರಕಲಗೂಡಿನ ನಾಯಿ ಹಿತ್ತಲಲ್ಲಿ ನಮ್ಮದು ಮಲಗುತ್ತಿದ್ದ ಜಾಗವನ್ನು ಮೂಸಿ ಅಲ್ಲೇ ಕೂತಿತ್ತು. ಅಪ್ಪ ಎದುರಿಗೇ ಇದ್ದ. ಅವ್ವ ಅವನನ್ನು ಕರೆಯಲಿಲ್ಲ. ಬಿಸಿ ಹಿಟ್ಟಿನ ಮುಂದೆ ಕೂತು, ಚೊಂಬಿನ ನೀರಿಗೆ ಅಂಗೈ ಅದ್ದಿ, ಮುದ್ದೆ ಕಟ್ಟಿ, ಒಂದು ತುಂಡು ಮುರಿದು ಆರಿಸಿಕೊಳ್ಳುತ್ತ ಹಿತ್ತಲಿಗೆ ಹೊರಟಳು. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕೈ ಒರೆಸ್ಕಳೇ," ದೊಡ್ಡಮ್ಮ ಕೂಗಿದಳು. "ಕಂಪ್ನಿಯೋರು ನೋಡ್ಬುಟ್ಟಾರು."

"ನೋಡ್ಲಿ ಬುಡು," ಅಂದಳು ಅವ್ವ. "ಒಣ ಕೈಲಿ ಯಾರ್ ಕಟ್ತಾರೆ ಮುದ್ದೆಯ?"